ಜೂನ್ ಒಂದರಂದು ಹುಟ್ಟಿದವರ ಸಾಲು

ಎರಡು ವರ್ಷದ ಹಿಂದಿನ ಆಗಸ್ಟ್ ತಿಂಗಳು. ಸಿಂಧನೂರಿನಲ್ಲಿ ನಾನು ನೀರು ಬಳಕೆದಾರರ ಸಂಘಗಳ ತರಬೇತಿ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಒಂಬತ್ತು ತಿಂಗಳು ಉಳಿದಿತ್ತು. ಗುರುತಿಲ್ಲದ ದೊಡ್ಡ ಗುಂಪನ್ನು ಆಟವಾಡಿಸಿ ಮಾತಿಗೆಳೆಯುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಲಿಂಗಸುಗೂರಿನಲ್ಲಿ ಹೊಸ ಶಿಕ್ಷಕರಿಗೆ, ಮಸ್ಕಿಯಲ್ಲಿ ಸ್ವಸಹಾಯ ಸಂಘದ ಹುಡುಗಿಯರಿಗೆ ಆಡಿಸಿ ಆಡಿಸಿ ಸ್ವಲ್ಪ ಜಂಬವೂ ಬಂದಿತ್ತು. ಆ ಜಂಬವನ್ನು ಇಳಿಸಿದವರ ನೆನಪು ಇದು.

ಅವತ್ತಿನ ತರಬೇತಿ ಒಂದೇ ಉಪಕಾಲುವೆಯ ನೂರಿಪ್ಪತ್ತು ರೈತರಿಗೆ. ಕಾಲುವೆ ಶುರುವಾಗುವ ಕಡೆ ಹೊಲ ಇದ್ದವರಿಗೆ ನೀರು ಮೊದಲು ಸಿಗುತ್ತದೆ. ಕೊನೆಯಂಚಿನವರಿಗೆ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ವರ್ಷ ಎರಡೂ ಕಡೆಯವರ ನಡುವೆ ಮಾತೇ ನಿಂತುಹೋಗಿತ್ತು. ಸರದಿ ಪ್ರಕಾರ ನೀರು ಹರಿಸಲು ಸಂಜೆಯೊಳಗೆ ಎಲ್ಲರೂ ಒಪ್ಪಬೇಕು; ಒಪ್ಪದಿದ್ದರೆ ಕೊನೆಯಂಚಿನಲ್ಲಿ ಆ ಸಲ ನಾಟಿಯೇ ಇಲ್ಲ. ಕಲ್ಯಾಣ ಮಂಟಪದಲ್ಲಿ ಕಾಲುವೆಯ ಮೊದಲ ಭಾಗದವರು ಫ್ಯಾನಿನ ಕೆಳಗೆ ಕೂತರು, ಕೊನೆಯಂಚಿನವರು ಬಾಗಿಲ ಹತ್ತಿರ. ನಡುವೆ ಎರಡು ಸಾಲು ಕುರ್ಚಿ ಖಾಲಿ. ಚಹಾ ಬಂದಾಗಲೂ ಯಾರೂ ಅದನ್ನು ದಾಟಲಿಲ್ಲ.

ಕೊನೆಯಂಚಿನಲ್ಲಿ ಎರಡೆಕರೆ ಭತ್ತ ಬೆಳೆಯುವ ಹುಸೇನ್‌ಬಿ ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗಲೇ ನನಗೆ ಹೇಳಿದ್ದರು: “ಮೇಡಮ್ಮಾರ, ಮಡಿಯಾಗ ನಾಟಿ ಸಸಿ ಬೆಳದು ನಿಂತಾವ. ಇನ್ನೊಂದು ವಾರದಾಗ ನೀರು ಬರಲಿಲ್ಲಂದ್ರ ಎಮ್ಮಿಗೆ ಹಾಕೋದ.”

ನಾನು ಆರಿಸಿಕೊಂಡ ಆಟ ಹುಟ್ಟುಹಬ್ಬದ ಸಾಲು. ಮಾತಾಡುವಂತಿಲ್ಲ. ಬೆರಳಿನಲ್ಲೇ ತಿಂಗಳು ತೋರಿಸುತ್ತ, ಬಾಗಿಲಿನಿಂದ ವೇದಿಕೆಯವರೆಗೆ ಜನವರಿಯಿಂದ ಡಿಸೆಂಬರ್‌ವರೆಗೆ ನಿಲ್ಲಬೇಕು. ಸುಲಭದ ಆಟ, ಎಲ್ಲಿಯೂ ಕೈಕೊಟ್ಟಿರಲಿಲ್ಲ.

ಇಲ್ಲಿ ಸೀಟಿ ಊದಿದ ಎರಡೇ ನಿಮಿಷಕ್ಕೆ ಕೆಟ್ಟಿತು. ಯಾರನ್ನು ನೋಡಿದರೂ ಆರು ಬೆರಳು! ಜನವರಿ ಖಾಲಿ, ಡಿಸೆಂಬರಿನಲ್ಲಿ ಇಬ್ಬರೇ. ತೊಂಬತ್ತಕ್ಕೂ ಹೆಚ್ಚು ಮಂದಿ ಮಂಟಪದ ನಡುವೆ, ಆ ಖಾಲಿ ಕುರ್ಚಿಗಳನ್ನೆಲ್ಲ ಸರಿಸಿ, ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ಹಿಂದೆ ಹಳ್ಳಿಗಳಲ್ಲಿ ಮಗುವಿನ ತಾರೀಖು ಯಾರಿಗೂ ನೆನಪಿರುತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಹೆಡ್ ಮಾಸ್ತರರು ಜೂನ್ ಒಂದು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಇಲ್ಲಿಯೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯದೆ ಹೋಗಿತ್ತು. ವೇದಿಕೆಯ ಮೇಲೆ ಮೈಕ್ ಹಿಡಿದು ಪೆಚ್ಚಾಗಿ ನಿಂತೆ.

ಕಾಲುವೆಯ ಮೊದಲ ತೂಬಿನಿಂದ ನೀರು ಪಡೆಯುವ ದೊಡ್ಡ ಜಮೀನುದಾರರಾದ ಶರಣೇಗೌಡರು ಹುಸೇನ್‌ಬಿಯ ಪಕ್ಕದಲ್ಲೇ ಆರು ಬೆರಳು ಎತ್ತಿ ನಿಂತಿದ್ದರು. ಹುಸೇನ್‌ಬಿಗೆ ತಡೆಯಲಾಗಲಿಲ್ಲ.

“ಗೌಡ್ರ, ನಮ್ಮನ್ನೆಲ್ಲಾ ಒಂದ ದಿನ ಹೆಡ್ ಮಾಸ್ತರ ಒಬ್ಬನ ಹಡದಾನ ನೋಡ್ರಿ!” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಮೇಡಮ್ಮಾರ, ನೀವೆಲ್ಲಿ ನಿಂದ್ರತೀರಿ?”

ನನ್ನ ಸೇವಾ ಪುಸ್ತಕದಲ್ಲಿ ಇರುವುದೂ ಅದೇ ತಾರೀಖು. ಇಷ್ಟು ವರ್ಷ ಊರೆಲ್ಲ ಆಡಿಸಿದ್ದೇ ಹೊರತು ನಾನೊಮ್ಮೆಯೂ ಸಾಲಿನಲ್ಲಿ ನಿಂತಿರಲಿಲ್ಲ. ಮೈಕ್ ಕೆಳಗಿಟ್ಟು ಇಳಿದುಬಂದು ಆರು ಬೆರಳು ಎತ್ತಿದೆ. ಎರಡೂ ಕಡೆಯವರು ಬಿದ್ದು ಬಿದ್ದು ನಕ್ಕರು.

ನಗು ನಿಲ್ಲುವ ಮೊದಲೇ ಹುಸೇನ್‌ಬಿ, “ಈ ತಾರೀಖು ಸುಳ್ಳು, ಬಿಡ್ರಿ. ನೀರು ಮುಟ್ಟೋ ಸಾಲಿನ್ಯಾಗ ನಿಂದ್ರೋಣು” ಎಂದರು.

ನನ್ನ ಪುಸ್ತಕದಲ್ಲಿ ಇಲ್ಲದ ಆಟ. ಆದರೂ ಒಪ್ಪಿದೆ. ಕಾಲುವೆ ನೀರು ಮೊದಲು ಸಿಗುವವರು ಮುಂದೆ, ಕೊನೆಗೆ ಸಿಗುವವರು ಹಿಂದೆ. ಗೌಡರು ವೇದಿಕೆಯ ಬಳಿ ಮೊದಲಿಗರಾದರು. ಸಾಲು ಬಾಗಿಲು ದಾಟಿ, ಊಟದ ಪೆಂಡಾಲ್ ಸುತ್ತಿ, ಪಾತ್ರೆ ತೊಳೆಯುವ ನಳದವರೆಗೆ ಹೋಯಿತು. ಮೊದಲು ನಿಂತವರು ಕೊನೆಯವರ ಹೆಸರು ಹೇಳಬೇಕು ಎಂದು ನಾನೊಂದು ನಿಯಮ ಸೇರಿಸಿದೆ. ಗೌಡರಿಗೆ ಕೊನೆಯವರು ಕಾಣಲೇ ಇಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು, ಒಬ್ಬೊಬ್ಬರ ಹೆಸರು, ಹೊಲ ಕೇಳುತ್ತ ಹೊರಟರು. ನಾನು ಹಿಂದೆಯೇ ಹೋದೆ. ಕೊನೆ ಮುಟ್ಟಲು ಅರ್ಧ ತಾಸು ಹಿಡಿಯಿತು. ನಳದ ಪಕ್ಕ, ಬಿಸಿಲಿನಲ್ಲಿ, ತಲೆಗೆ ಸೆರಗು ಹೊದ್ದು ಹುಸೇನ್‌ಬಿ ನಿಂತಿದ್ದರು.

“ಇಲ್ಲಿತನಾ ನಾ ಎಂದೂ ಬಂದಿದ್ದಿಲ್ಲ ಬೇ ಯವ್ವಾ. ಹೆಸರೇನು?”

“ಹುಸೇನ್‌ಬಿ ರೀ.”

“ಸಸಿ ಎಷ್ಟ ದಿನದ್ದು?”

“ಮೂವತ್ತು ದಾಟ್ಯಾವ್ರಿ, ಗೌಡ್ರ.”

ಮೂವತ್ತು ದಿನ ದಾಟಿದ ಸಸಿ ಕೂಡಲೇ ನಾಟಿಯಾಗದಿದ್ದರೆ ಇಳುವರಿ ಕುಸಿಯುತ್ತದೆ. ಭತ್ತ ಬೆಳೆಯುವವರಿಗೆ ಆ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಗೌಡರು ತಾವು ಬಂದ ಸಾಲಿನ ಕಡೆ ತಿರುಗಿ ಕೂಗಿದರು: “ನಾಳಿಂದ ಐದು ದಿನ ನನ್ನ ತೂಬು ಮುಚ್ಚತೀನಿ. ನೀರು ಮೊದಲು ಹುಸೇನ್‌ಬಿ ಹೊಲಕ್ಕ ಮುಟ್ಟಲಿ. ಬ್ಯಾಡ ಅನ್ನೋರು ಇಲ್ಲಿತನಾ ನಡಕೊಂತ ಬಂದು ಹೇಳ್ರಿ!”

ಯಾರೂ ಬರಲಿಲ್ಲ. ಮಧ್ಯಾಹ್ನ ದಿನಗಳ ಹಂಚಿಕೆಯ ಬಗ್ಗೆ ಸಾಕಷ್ಟು ಜಗಳವಾಯಿತು, ಅನ್ನವೂ ಆರಿಹೋಯಿತು. ಆದರೆ ಸಂಜೆಗೆ ಸರದಿ ಪಟ್ಟಿ ಕೊನೆಯಂಚಿನಿಂದಲೇ ಶುರುವಾಗಿ ಬರೆದು ಮುಗಿದಿತ್ತು. ಮುಂದಿನ ವಾರ ಹೋಗಿ ನೋಡಿದೆ. ಹುಸೇನ್‌ಬಿಯ ಎರಡೆಕರೆಯೂ ನಾಟಿಯಾಗಿತ್ತು.

ಆಡಿಸುವವರೂ ಸಾಲಿನಲ್ಲಿ ನಿಲ್ಲಬೇಕು ಎಂಬುದನ್ನು ಯಾವ ತರಬೇತಿಯೂ ನನಗೆ ಕಲಿಸಿರಲಿಲ್ಲ. ಕಲಿಸಿದವರು ಹುಸೇನ್‌ಬಿ. ಆ ಋಣ ದೊಡ್ಡದು.

ಮೇ ಮೂವತ್ತೊಂದಕ್ಕೆ ನಿವೃತ್ತಳಾದೆ. ಮರುದಿನ ಬೆಳಿಗ್ಗೆಯೇ ಅವರ ಫೋನ್ ಬಂತು.

“ಮೇಡಮ್ಮಾರ, ಇವತ್ತ ನಮ್ಮೆಲ್ಲಾರ ಹುಟ್ಟಿದ ದಿನ. ಗೌಡ್ರಿಗೂ ಹೇಳೀನಿ. ನಿನ್ನಿತನಾ ನೀವು ಆಫೀಸರ್ ಇದ್ರಿ, ಇವತ್ತಿಂದ ಬರೇ ನಮ್ಮ ವಾರಿಗಿಯವರು. ಊಟಕ್ಕ ಬರ್ರಿ.”

ವಾರಿಗೆಯವರೆಂದರೆ ಒಂದೇ ವಯಸ್ಸಿನವರು. ನನ್ನ ಬೀಳ್ಕೊಡುಗೆಯಲ್ಲಿ ಅಷ್ಟು ಒಳ್ಳೆಯ ಮಾತನ್ನು ಯಾರೂ ಆಡಿರಲಿಲ್ಲ. ಹೋದೆ. ಗೌಡರ ಪಕ್ಕದಲ್ಲೇ ಕೂತೆ. ಹುಸೇನ್‌ಬಿ ಅಂದು ನಮ್ಮ ತಟ್ಟೆಗೆ ಬಡಿಸಿದ್ದು, ಎಮ್ಮೆಯ ಪಾಲಾಗಬೇಕಿದ್ದ ಆ ಸಸಿಗಳ ಅಕ್ಕಿ.