ಮಗ್ಗದ ಸದ್ದು ನಿಂತಾಗ

ಮಹಾರಾಜರ ಮೈಸೂರಿಗೆ ಜನರೇ ಆರಿಸಿದ ಜವಾಬ್ದಾರಿ ಸರ್ಕಾರ ಬೇಕೆಂದವರನ್ನೆಲ್ಲ ಪೊಲೀಸರು ಹಿಡಿದೊಯ್ಯುತ್ತಿದ್ದ ಕಾಲ. ದೊಡ್ಡಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಯ ನೇಕಾರರೊಬ್ಬರು ಬೀದಿಗೆ ಮುಖ ಮಾಡಿ, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಪೊಲೀಸರು ಕಂಡರೆ ಅವರ ಕೈ ನಿಲ್ಲುತ್ತಿತ್ತು. ಸದ್ದು ನಿಂತದ್ದೇ ತಡ, ಚಳವಳಿ ಸೇರಿ ನಮ್ಮ ಮನೆಯಲ್ಲಿ ಅಡಗಿದ್ದ ನನ್ನ ತಮ್ಮ ಹಿತ್ತಲ ಗೋಡೆ ಹಾರುತ್ತಿದ್ದ. ಯಾಕೆ ನಿಲ್ಲಿಸಿದೆ ಎಂದು ಯಾರು ಕೇಳಿದರೂ ಅವರದು ಒಂದೇ ಉತ್ತರ: "ಎಳೆ ಕಿತ್ತೋಯ್ತು ಸ್ವಾಮಿ."

ಒಂದು ದಿನ ದಫೇದಾರನಿಗೆ ಅನುಮಾನ ಬಂತು. "ಎಲ್ಲಿ ಕಿತ್ತೋಗೈತೆ, ತೋರ್ಸಯ್ಯ!" ಎಂದು ಬೀದಿಯಿಂದಲೇ ಗದರಿದ. ಅವನು ಹೊಸ್ತಿಲು ದಾಟುವಷ್ಟರಲ್ಲಿ ನೇಕಾರರು ಮಗ್ಗದ ಹಾಸುನೂಲಿನೊಳಗೆ ಬೆರಳು ತೂರಿಸಿ ಒಂದು ಹಿಡಿ ಎಳೆ ಕಿತ್ತಿದ್ದರು. ಯಾರದೋ ಮದುವೆಯ ಸೀರೆ, ಮುಕ್ಕಾಲು ನೇಯ್ದಾಗಿತ್ತು. "ಇಲ್ಲೇ ನೋಡಿ ಸ್ವಾಮಿ."

ಕೊನೆಗೆ ಜವಾಬ್ದಾರಿ ಸರ್ಕಾರ ಬಂತು. ತಮ್ಮ ಹಗಲಲ್ಲೇ ಮನೆಯಲ್ಲಿ ಕೂತು ಉಣ್ಣತೊಡಗಿದ. ಒಂದು ಮಧ್ಯಾಹ್ನ ಮಗ್ಗ ತಟ್ಟನೆ ನಿಂತಿತು. ತಮ್ಮ ಎಂಜಲು ಕೈಯಲ್ಲೇ ಹಿತ್ತಲಿಗೆ ಓಡಿದ. ನಾನು ಹೊರಗೆ ಬಂದು ನೋಡಿದರೆ ಬೀದಿ ಖಾಲಿ. ಗಂಟು ಹಾಕುತ್ತಿದ್ದ ನೇಕಾರರು ತಲೆಯೆತ್ತಿ, ತಪ್ಪು ಮಾಡಿದವರಂತೆ ಹೇಳಿದರು:

"ಉಣ್ಣಾಕೆ ಹೇಳಮ್ಮಾ ಅವ್ನಿಗೆ. ಇವತ್ತು ನಿಜ್ವಾಗ್ಲೂ ಕಿತ್ತೋಯ್ತು."