ಒಂಬತ್ತೂಮುಕ್ಕಾಲರ ಫೋನು

ನನಗೆ ಸರ್ಪಸುತ್ತು ಎದ್ದದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಆಗ ನಾನು ಹುಣಸೂರಿನಿಂದ ದಿನಾ ಬಸ್ಸಿನಲ್ಲಿ ಹಾರನಹಳ್ಳಿ ಕಡೆಯ ಒಂದು ಪ್ರಾಥಮಿಕ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದೆ. ನಾವು ಮೂವರೇ ಶಿಕ್ಷಕರು: ಮುಖ್ಯೋಪಾಧ್ಯಾಯಿನಿ, ಒಬ್ಬರು ಮೇಷ್ಟ್ರು, ನಾನು.

ಮುಖ್ಯೋಪಾಧ್ಯಾಯಿನಿ ತಮ್ಮ ಸ್ಕೂಟರನ್ನು ನಾಲ್ಕನೇ ತರಗತಿಯ ಹೆಣ್ಣುಮಕ್ಕಳ ಕೈಲಿ ತೊಳೆಸುತ್ತಿದ್ದರು. ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಅದನ್ನು ಎತ್ತಿದಾಗ, ಹೌದು, ನಾನೂ ನೋಡಿದ್ದೇನೆ ಎಂದುಬಿಟ್ಟೆ. ಅವತ್ತಿನಿಂದ ಶುರುವಾಯಿತು. ಪಾಠ ನಡೆಯುತ್ತಿರುವಾಗಲೇ ಒಳಗೆ ಬಂದು ನನ್ನ ಟಿಪ್ಪಣಿ ಪುಸ್ತಕ ತೆಗೆದು ಮಕ್ಕಳ ಮುಂದೆ ತಪ್ಪು ಓದುತ್ತಿದ್ದರು. ಬಸ್ಸು ಐದು ನಿಮಿಷ ತಡವಾದರೂ ಹಾಜರಿ ಪುಸ್ತಕ ಬೀರುವಿನೊಳಗೆ ಹೋಗುತ್ತಿತ್ತು. ಊಟ ಸೇರದಾಯಿತು, ನಿದ್ದೆ ಹಾಳಾಯಿತು. ಎಂಟು ತಿಂಗಳು ಹೀಗೇ ನಡೆದ ಮೇಲೆ ಒಂದು ದಿನ ಬಲಪಕ್ಕೆ ಉರಿಯತೊಡಗಿತು. ಮೂರನೇ ದಿನ ಎದೆಯ ಕೆಳಗಿಂದ ಬೆನ್ನಿನವರೆಗೆ ಗುಳ್ಳೆಗಳು ಸಾಲಾಗಿ ಎದ್ದವು.

ಹುಣಸೂರಿನ ಡಾಕ್ಟರು ವಯಸ್ಸಾದವರು, ಬಿಡಿಸಿ ಹೇಳಿದರು. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸು ನರದೊಳಗೆ ಸುಮ್ಮನೆ ಮಲಗಿರುತ್ತದಂತೆ. ಮೈಯ ಕಾವಲು ಸಡಿಲವಾದಾಗ ಎದ್ದು ಬರುತ್ತದಂತೆ. ಮನಸ್ಸಿಗೇನಾದರೂ ಕಿರಿಕಿರಿ ಇತ್ತೇ ಎಂದು ಕೇಳಿದರು. ನಾನು ಅತ್ತೆ. ಹದಿನೈದು ದಿನ ರಜೆ ಬರೆದುಕೊಟ್ಟರು.

ಮಿರ್ಲೆಯಿಂದ ಅಮ್ಮ ಬಂದಳು. ಮರುದಿನ ಬೆಳಿಗ್ಗೆ ಒಂಬತ್ತೂಮುಕ್ಕಾಲಕ್ಕೆ ಮುಖ್ಯೋಪಾಧ್ಯಾಯಿನಿಯ ಫೋನು ಬಂತು, ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ. ಹೇಗಿದ್ದೀರಿ ಎಂದು ಕೇಳಿ, ಅದೇ ಉಸಿರಿನಲ್ಲಿ, ಮಕ್ಕಳು ಬೀದಿಪಾಲಾಗಿವೆ ಎಂದರು. ಮಾರನೇ ದಿನವೂ ಅದೇ ಹೊತ್ತಿಗೆ. ಮೂರನೇ ದಿನ ಅವರು ಅಂದದ್ದು ನನಗೆ ಅಕ್ಷರಶಃ ನೆನಪಿದೆ.

"ಗುಳ್ಳೆ ಎದ್ದಿರೋದು ಒಂದು ಫೋಟೋ ಕಳ್ಸಿಬುಡಿ ಮೇಡಂ. ಮೇಲಿನವ್ರು ಕೇಳಿದ್ರೆ ನಾನೇನ್ ತೋರ್ಸ್ಲಿ ಕಣ್ರೀ?"

ಹೆಂಗಸು ತಾನೇ ಎಂದು ಕಳಿಸಿದೆ. ಸೆರಗು ಸರಿಸಿ ಹಿಡಿದು ಫೋಟೋ ತೆಗೆದವಳು ಅಮ್ಮ. ಸಂಜೆ ಮೇಷ್ಟ್ರು ಫೋನು ಮಾಡಿ, ಬಹಳ ಹೊತ್ತು ತಡವರಿಸಿ, ಮೇಡಂ ಅದನ್ನು ತಮಗೂ ತೋರಿಸಿದರು, ಇಷ್ಟಕ್ಕೆ ಹದಿನೈದು ದಿನ ಬೇಕಾ ಎಂದು ನಕ್ಕರು ಎಂದು ಹೇಳಿದರು. ಪಾಪ, ಅವರ ದನಿಯಲ್ಲೇ ನಾಚಿಕೆಯಿತ್ತು.

ಆಮೇಲೂ ಫೋನು ನಿಲ್ಲಲಿಲ್ಲ. ಗಂಟೆ ಒಂಬತ್ತೂವರೆಯಾದರೆ ಫೋನನ್ನು ದಿಂಬಿನ ಕೆಳಗೆ ತುರುಕುತ್ತಿದ್ದೆ.

"ಆ ಫೋನ ತಗ್ದು ಬಾವಿಗಾಕು ಕಣವ್ವ," ಎಂದಳು ಅಮ್ಮ. "ಅದು ಬಡ್ಕಂಡಾಗೆಲ್ಲ ನಿನ್ ಮೈ ಅದುರ್ತದೆ. ಗಾಯ ಎಂಗ್ ಮಾಗ್ತದೆ?"

ಗಾಯ ಮಾಗಲಿಲ್ಲ. ಗುಳ್ಳೆಗಳಲ್ಲಿ ಕೀವು ತುಂಬಿತು. ಅವು ಒಣಗಿದ ಮೇಲೂ ನರದ ನೋವು ಮೂರು ತಿಂಗಳು ಉಳಿಯಿತು, ರವಿಕೆಯ ಬಟ್ಟೆ ತಾಕಿದರೂ ಜೀವ ಹೋಗುತ್ತಿತ್ತು. ಚಿಂತೆಯೊಂದೇ ಕಾರಣ ಎನ್ನಲಾಗದು, ಆದರೆ ಸದಾ ಹೆದರಿಕೊಂಡಿರುವ ಮೈ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲು ತಡಮಾಡುತ್ತದೆ ಎಂದರು ಡಾಕ್ಟರು. ಆ ಮಾತನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡೆ.

ಎರಡು ವರ್ಷ ಕಳೆಯಿತು. ಮುಖ್ಯೋಪಾಧ್ಯಾಯಿನಿಗೆ ಮೈಸೂರಿನಲ್ಲಿ ಗರ್ಭಕೋಶದ ಆಪರೇಷನ್ ಆಯಿತು. ಆರು ವಾರ ರಜೆ ಹಾಕಿ ಪಿರಿಯಾಪಟ್ಟಣದ ಮನೆಯಲ್ಲಿ ಮಲಗಿದರು. ಪ್ರಭಾರ ನನಗೆ ಬಂತು.

ಮೊದಲ ದಿನ ಒಂಬತ್ತೂಮುಕ್ಕಾಲಕ್ಕೆ ಫೋನು ಮಾಡಿದೆ. ಬೀರುವಿನ ಕೀಲಿ ಎಲ್ಲಿದೆ ಎಂದು ಕೇಳಿದೆ. ಅದು ಮೊಳೆಗೆ ನೇತುಹಾಕಿದ್ದು ನನ್ನ ಕಣ್ಣೆದುರೇ ಇತ್ತು. ಮಾರನೇ ದಿನ ಬಿಸಿಯೂಟದ ರಿಜಿಸ್ಟರು. ಅದರ ಮರುದಿನ, ನಿಮ್ಮ ವೈದ್ಯಕೀಯ ಸರ್ಟಿಫಿಕೇಟಿನಲ್ಲಿ ಸಹಿ ಮಸುಕಾಗಿದೆ, ಮೇಲಿನವರು ಒಪ್ಪುತ್ತಾರೋ ಇಲ್ಲವೋ. ಒಂದೇ ಒಂದು ಒರಟು ಮಾತು ಆಡಲಿಲ್ಲ. ಆಪರೇಷನ್ ಆದ ಜಾಗದ ಫೋಟೋ ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು, ಕೇಳಲಿಲ್ಲ. ಒಳ್ಳೆಯತನದಿಂದಲ್ಲ. ಅದಿಲ್ಲದೆಯೂ ಅವರ ದನಿ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿದ್ದುದು ನನಗೆ ಕೇಳಿಸುತ್ತಿತ್ತು.

ಹನ್ನೆರಡನೇ ದಿನ ಅವರ ಯಜಮಾನರು ಫೋನು ಎತ್ತಿದರು. "ಹೊಲಿಗೆ ಆಕಿದ್ ಜಾಗ ಕೀವಾಗ್ಬುಟ್ಟದೆ ಮೇಡಂ. ನಿದ್ದೇನೂ ಇಲ್ಲ, ಶುಗರ್ ಬ್ಯಾರೆ ಏರ್ತಾ ಅದೆ," ಎಂದರು.

ಬೇಗ ಹುಷಾರಾಗಲಿ ಎಂದು ಹೇಳಿ ಫೋನಿಟ್ಟೆ. ಬಿಸಿಯೂಟದ ಅಡುಗೆಯಾಕೆ ಟೀ ತಂದುಕೊಟ್ಟಳು. ಅವತ್ತಿನ ಟೀ ಬಹಳ ರುಚಿಯಾಗಿತ್ತು.

ಮಾರನೇ ದಿನವೂ ಫೋನು ಮಾಡಿದೆ.

ಅವರು ಶಾಲೆಗೆ ಬಂದಾಗ ಮೂರು ತಿಂಗಳಾಗಿತ್ತು. ಕುಪ್ಪಸ ಮೈಮೇಲೆ ಜೋಲುತ್ತಿತ್ತು. ಮೇಷ್ಟ್ರು ಹೊರಗೆ ಹೋಗುವವರೆಗೆ ಕಾದು, ನನ್ನ ಮುಖ ನೋಡದೆ ಹೇಳಿದರು: "ನಿಮ್ ಫೋನ್ ಬರೋ ಹೊತ್ಗೆ ನಂಗೆ ಎದೆ ಹೊಡ್ಕೊಳಕ್ಕೆ ಶುರುವಾಗ್ತಿತ್ತು."

"ನನಗೂ ಹಾಗೇ ಆಗ್ತಿತ್ತು ಮೇಡಂ," ಎಂದೆ.

ಅವರು ಹಾಜರಿ ಪುಸ್ತಕ ಎಳೆದುಕೊಂಡು ಸಹಿ ಮಾಡಿದರು. ಕ್ಷಮೆ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ, ನಗುತ್ತಾಳೆ ಎಂದುಕೊಂಡು. ಅವಳು ಸೋಸುತ್ತಿದ್ದ ಸೊಪ್ಪನ್ನು ಹಾಗೇ ಬಿಟ್ಟು, ಇದನ್ನು ಇನ್ಯಾರಿಗೂ ಹೇಳಬೇಡ ಎಂದಳು. ಪಶ್ಚಾತ್ತಾಪವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವರಿಗೆ ಮೊದಲೇ ಸಕ್ಕರೆ ಕಾಯಿಲೆಯಿತ್ತು, ಕೀವಿಗೆ ಅದೇ ಕಾರಣವಿರಬಹುದು. ನಮ್ಮ ಡಾಕ್ಟರನ್ನು ಕೇಳಿದ್ದರೆ ಹಾಗೇ ಹೇಳುತ್ತಿದ್ದರೇನೋ. ಕೇಳಲಿಲ್ಲ. ಅದರಲ್ಲಿ ನನ್ನದೂ ಒಂದು ಪಾಲಿತ್ತು ಎಂದು ನಂಬುವುದೇ ನನಗೆ ಇಷ್ಟ.

ಮುಂದಿನ ವರ್ಗಾವಣೆಯಲ್ಲಿ ಅವರು ಕೆ.ಆರ್. ನಗರದ ಕಡೆ ಹೋದರು. ಬೀಳ್ಕೊಡುಗೆಗೆ ಹಾರ ಹಾಕಿದವಳು ನಾನೇ. ಮಕ್ಕಳು ಚಪ್ಪಾಳೆ ತಟ್ಟಿದವು.