ಕಿವಿಗೊಡದ ಮೇಷ್ಟ್ರು

ಕೆಳಮನೆಯ ಮೇಷ್ಟ್ರು ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು; ಈಗ ಅವರ ಪಾಠವೆಲ್ಲ ಮೇಲಿನ ಬಾಡಿಗೆಮನೆಯ ಕೈಗೂಸಿನ ತಾಯಿಗೆ. ಅವಳು ಮೆಟ್ಟಿಲಿಳಿದರೆ ಸಾಕು, "ನಿನ್ನೆ ಎರಡು ಸಲ ಮಿಕ್ಸಿ ತಿರುಗಿತು, ನೆಂಟರು ಬಂದಿದ್ರೇನಮ್ಮ?" ಎನ್ನುವರು. ಕುರ್ಚಿ ಎಳೆದದ್ದು, ಚಮಚ ಬಿದ್ದದ್ದು, ಗಂಡ ಮೂರು ಸಲ ಸೀನಿದ್ದು, ಎಲ್ಲ ಅವರಿಗೆ ಗೊತ್ತು. "ಕದ್ದು ಕೇಳ್ತೀರಾ ಮೇಷ್ಟ್ರೇ?" ಎಂದರೆ ಬೆರಳೆತ್ತುವರು: "ತಾನಾಗಿ ಕಿವಿಗೆ ಬಿದ್ರೆ ಹಿಯರ್. ಬೇಕಂತ ಕಿವಿಗೊಟ್ರೆ ಲಿಸನ್. ನಂದು ಬರೀ ಹಿಯರ್!" "ಸೀನಿದ್ದನ್ನ ಎಣಿಸೋದು ಯಾವುದಕ್ಕೆ ಸೇರುತ್ತೆ?" "ಅದೂ ಹಿಯರೇ ಕಣಮ್ಮ, ಸ್ವಲ್ಪ ಗಮನವಿಟ್ಟು." ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡನೊಡನೆ ಪಿಸುಮಾತಿನಲ್ಲೇ ಜಗಳವಾಡಿ ಸಾಕಾಗಿ, ಬೇರೆ ಮನೆ ಹುಡುಕತೊಡಗಿದ್ದಳು. ಹೀಗಿರುವಾಗ ಒಂದು ಬೆಳಿಗ್ಗೆ, ಮಗುವನ್ನು ಮಲಗಿಸಿ ಅವಳು ಸ್ನಾನಕ್ಕೆ ಹೋಗಿದ್ದಾಗ, ಮೇಷ್ಟ್ರು ಬಂದು ಬಾಗಿಲನ್ನು ದಬದಬ ಬಡಿದರು. ಅವಳು ನಲ್ಲಿ ನಿಲ್ಲಿಸಿದಾಗ ಅವರ ಕೂಗು ಕೇಳಿಸಿತು: "ಮಗು ಅಳ್ತಾ ಇತ್ತಮ್ಮ, ಥಟ್ಟನೆ ನಿಂತೋಯ್ತು! ಅದು ಹಾಗೆ ನಿಲ್ಲಿಸೋ ಮಗು ಅಲ್ಲ, ನೋಡು ಮೊದ್ಲು!" ನಲ್ಲಿಯ ಸದ್ದಿನಲ್ಲಿ ಅವಳಿಗೆ ಅಳುವೇ ಕೇಳಿಸಿರಲಿಲ್ಲ. ಓಡಿಹೋಗಿ ನೋಡಿದರೆ ಮಗುವಿನ ಮುಖ ನೀಲಿಗಟ್ಟಿತ್ತು. ಬೋರಲು ಹಿಡಿದು ಬೆನ್ನಿಗೆ ತಟ್ಟಿದಳು. ಅಂಗಿಯ ಗುಂಡಿಯೊಂದು ಹೊರಬಿತ್ತು, ಅದರ ಹಿಂದೆಯೇ ಅಳು. ಬಾಗಿಲು ತೆರೆದಾಗ ಮೇಷ್ಟ್ರು ಹೊಸಿಲಾಚೆ ಗೋಡೆ ಹಿಡಿದು ನಿಂತಿದ್ದರು. ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಮನೆ ಹುಡುಕುವುದು ಅಲ್ಲಿಗೆ ನಿಂತಿತು. ಈಗ ಅವಳು ಸ್ನಾನಕ್ಕೆ ಹೋಗುವ ಮುಂಚೆ ಮೆಟ್ಟಿಲ ಬಳಿ ಬಗ್ಗಿ, "ಮೇಷ್ಟ್ರೇ, ಹತ್ತು ನಿಮಿಷ!" ಎಂದು ಕೂಗುತ್ತಾಳೆ. ಕೆಳಗಡೆ ರೇಡಿಯೋ ಬಾಯಿ ಮುಚ್ಚುತ್ತದೆ.